ಆಂಗಸ್, ವಾಗ್ಯು, ಬ್ರಾಹ್ಮನ್: ದನದ ಮಾಂಸ ಆರಿಸುವಾಗ ತಳಿಯ ಹೆಸರನ್ನು ಎಷ್ಟು ನಂಬಬೇಕು?

ಡಲ್ಲಾಸ್, ಬ್ರಿಸ್ಬೇನ್, ದುಬೈಗಳಂಥ ಊರುಗಳಲ್ಲಿ ನೆಲೆಸಿ ದನದ ಮಾಂಸ ಕೊಳ್ಳುವ ಕನ್ನಡಿಗರಿಗೆ ಅಂಗಡಿಯಲ್ಲಿ ಮೊದಲು ಎದುರಾಗುವುದು ತಳಿಯ ಹೆಸರು. ಒಂದು ಪೊಟ್ಟಣದ ಮೇಲೆ ಆಂಗಸ್ ಎಂದಿರುತ್ತದೆ, ಅದಕ್ಕಿಂತ ಹಲವು ಪಟ್ಟು ದುಬಾರಿಯಾದ ಇನ್ನೊಂದರ ಮೇಲೆ ವಾಗ್ಯು ಎಂದಿರುತ್ತದೆ, ಬ್ರೆಜಿಲ್‌ನಿಂದ ಬಂದ ಅಗ್ಗದ ಮಾಂಸದ ಮೇಲೆ ದೇಶದ ಹೆಸರಷ್ಟೇ ಇರುತ್ತದೆ. ಹೆಸರನ್ನು ನಂಬಿ ಹಣ ತೆತ್ತವರಿಗೆ ಕೆಲವೊಮ್ಮೆ ಬಾಯಲ್ಲಿ ಕರಗುವ ತುಂಡು ಸಿಗುತ್ತದೆ, ಕೆಲವೊಮ್ಮೆ ಅದೇ ಹೆಸರಿನ ಮಾಂಸ ಎಷ್ಟು ಅಗಿದರೂ ನುರಿಯುವುದಿಲ್ಲ. ತಳಿಯಿಂದ ಮಾಂಸದ ಗುಣದಲ್ಲಿ ನಿಜವಾಗಿ ಏನೇನು ಬದಲಾಗುತ್ತದೆ, ಯಾವ ಅಡುಗೆಗೆ ಯಾವುದನ್ನು ಆರಿಸುವುದು ಸರಿ ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ. ಕರ್ನಾಟಕದಲ್ಲಿ 2020ರ ಕಾಯ್ದೆಯಂತೆ ಹಸು, ಹೋರಿ, ಎತ್ತುಗಳ ಹತ್ಯೆಗೆ ನಿಷೇಧವಿದ್ದು, 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಷರತ್ತಿನ ಮೇಲೆ ಅವಕಾಶವಿರುವುದರಿಂದ, ಈ ಹೋಲಿಕೆ ಹೊರನಾಡುಗಳ ಮಾರುಕಟ್ಟೆಗೆ ಸಂಬಂಧಿಸಿದ್ದು.

ಮೃದುತ್ವ ಎಲ್ಲಿಂದ ಬರುತ್ತದೆ

ಮಾಂಸದ ಗುಣಮಟ್ಟ ಎಂದಾಗ ಕೊಳ್ಳುವವರ ಮನಸ್ಸಿನಲ್ಲಿ ಮೃದುತ್ವ, ರಸ, ರುಚಿ ಮೂರೂ ಒಂದರೊಳಗೊಂದು ಬೆರೆತಿರುತ್ತವೆ. ಕೆಂಪು ಮಾಂಸದ ನಡುವೆ ಬಿಳಿ ಎಳೆಗಳಾಗಿ ಹರಡಿದ ಕೊಬ್ಬನ್ನು, ಅಂದರೆ ವ್ಯಾಪಾರಿಗಳು ಮಾರ್ಬ್ಲಿಂಗ್ ಎನ್ನುವುದನ್ನು, ಈ ಮೂರಕ್ಕೂ ಅಳತೆಗೋಲೆಂದು ಭಾವಿಸುವುದು ವಾಡಿಕೆ. ರಸಕ್ಕೂ ರುಚಿಗೂ ಅದು ಒಳ್ಳೆಯ ಅಳತೆಗೋಲೇ ಹೌದು. ಆದರೆ ಮೃದುತ್ವದಲ್ಲಿ ಅದರ ಪಾಲು ಜನರು ಅಂದುಕೊಂಡಷ್ಟು ದೊಡ್ಡದಲ್ಲ.

ಪ್ರಾಣಿಯನ್ನು ಕಡಿದ ಕೆಲವೇ ಗಂಟೆಗಳಲ್ಲಿ ಅದರ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆಮೇಲೆ ಶೀತಲ ಕೋಣೆಯಲ್ಲಿ ತೂಗುಹಾಕಿದ ಮಾಂಸದೊಳಗೆ ಕ್ಯಾಲ್ಪೇನ್ ಎಂಬ ಕಿಣ್ವವು ಸ್ನಾಯುವಿನ ಎಳೆಗಳನ್ನು ಬಿಗಿಯಾಗಿ ಹಿಡಿದಿರುವ ಪ್ರೋಟೀನ್‌ಗಳನ್ನು ದಿನದಿಂದ ದಿನಕ್ಕೆ ತುಂಡರಿಸುತ್ತಾ ಹೋಗುತ್ತದೆ. ಮಾಂಸ ಮಾಗುವುದೆಂದರೆ ಇದೇ. ಈ ಕಿಣ್ವವನ್ನು ತಡೆಯುವ ಕ್ಯಾಲ್ಪಾಸ್ಟಾಟಿನ್ ಎಂಬ ಇನ್ನೊಂದು ಪ್ರೋಟೀನ್ ಕೂಡ ಅದೇ ಸ್ನಾಯುವಿನಲ್ಲಿದೆ. ಅದು ಹೆಚ್ಚಿದ್ದಷ್ಟೂ ಮಾಗುವ ಕೆಲಸ ನಿಧಾನವಾಗುತ್ತದೆ. ಮೂರನೆಯದು ಸ್ನಾಯುಗಳನ್ನು ಸುತ್ತಿ ಕಟ್ಟಿರುವ ಕೊಲಾಜೆನ್ ನಾರು. ಪ್ರಾಣಿಗೆ ವಯಸ್ಸಾದಂತೆ ಈ ನಾರಿನ ಎಳೆಗಳ ನಡುವಿನ ಬೆಸುಗೆ ಗಟ್ಟಿಯಾಗುವುದರಿಂದ, ಮುದಿ ದನದ ಮಾಂಸ ಬೇಯಲು ಗಂಟೆಗಟ್ಟಲೆ ಬೇಕಾಗುತ್ತದೆ. ತಳಿಯ ಪ್ರಭಾವ ಅತಿ ಹೆಚ್ಚಾಗಿ ಕಾಣುವುದು ಕ್ಯಾಲ್ಪಾಸ್ಟಾಟಿನ್ ಮತ್ತು ಮಾರ್ಬ್ಲಿಂಗ್‌ಗಳಲ್ಲಿ. ಕೊಲಾಜೆನ್ ವಿಷಯದಲ್ಲಿ, ಮುಂದೆ ಹೇಳುವ ಒಂದೆರಡು ತಳಿಗಳನ್ನು ಬಿಟ್ಟರೆ, ವಯಸ್ಸಿನದೇ ಮೇಲುಗೈ.

ಇವನ್ನೆಲ್ಲ ನಾಲಿಗೆಯ ಅಂದಾಜಿಗೆ ಬಿಡದೆ ಅಳೆಯಲು ವಾರ್ನರ್–ಬ್ರಾಟ್ಜ್ಲರ್ ಎಂಬ ಯಂತ್ರವನ್ನು ಬಳಸುತ್ತಾರೆ. ಸ್ಟೀಕ್ ತುಂಡಿನ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಿ, ಆರಲು ಬಿಟ್ಟು, ಎಳೆಗಳು ಹರಿದ ದಿಕ್ಕಿನಲ್ಲೇ 1.27 ಸೆಂಟಿಮೀಟರ್ ದಪ್ಪದ ದುಂಡು ತುಣುಕುಗಳನ್ನು ಕೊರೆದು ತೆಗೆದು, ಒಂದೊಂದನ್ನೂ ಮೊಂಡಾದ ಅಲಗಿನಿಂದ ಅಡ್ಡಲಾಗಿ ಕತ್ತರಿಸಲು ಎಷ್ಟು ಬಲ ಬೇಕಾಯಿತೆಂದು ಕಿಲೋಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಸುಮಾರು 4 ಕಿಲೋಗ್ರಾಂಗಿಂತ ಕಡಿಮೆ ಬಲ ಸಾಕಾದ ಮಾಂಸವನ್ನು ತಿನ್ನುವವರಲ್ಲಿ ಬಹುಪಾಲು ಜನ ಮೃದು ಎಂದೇ ಹೇಳುತ್ತಾರೆ. ಅಮೆರಿಕದ ನೆಬ್ರಾಸ್ಕಾದ ಕ್ಲೇ ಸೆಂಟರ್‌ನಲ್ಲಿರುವ ಸರ್ಕಾರಿ ಮಾಂಸದ ಪ್ರಾಣಿಗಳ ಸಂಶೋಧನಾ ಕೇಂದ್ರವು 1970ರ ದಶಕದಿಂದ ಹತ್ತಾರು ತಳಿಗಳ ಹೋರಿಗಳನ್ನು ಒಂದೇ ಬಗೆಯ ಹಸುಗಳಿಗೆ ಕೂಡಿಸಿ, ಹುಟ್ಟಿದ ಕರುಗಳನ್ನು ಒಂದೇ ಮೇವಿನಲ್ಲಿ ಬೆಳೆಸಿ ಹೀಗೆ ಅಳೆಯುತ್ತಾ ಬಂದಿದೆ. ಕೆಳಗಿನ ಹೋಲಿಕೆಗೆ ದೊಡ್ಡ ಆಧಾರ ಆ ಬಗೆಯ ಕೆಲಸವೇ.

ಆಂಗಸ್ ಮತ್ತು ಹೆರೆಫೋರ್ಡ್

ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್ ಮತ್ತು ಆಂಗಸ್ ಸೀಮೆಗಳ ಕೊಂಬಿಲ್ಲದ ಕಪ್ಪು ದನ ಆಂಗಸ್. ಇಂಗ್ಲೆಂಡಿನ ಹೆರೆಫೋರ್ಡ್‌ಶೈರ್‌ನ ಬಿಳಿ ಮೋರೆಯ ಕೆಂದು ದನ ಹೆರೆಫೋರ್ಡ್. ಎರಡೂ ಬೇಗ ಬಲಿತು ಬೇಗ ಕೊಬ್ಬು ಕೂಡಿಸಿಕೊಳ್ಳುವುದರಿಂದ, ಎಳೆಯ ವಯಸ್ಸಿನಲ್ಲೇ ಕಡಿಯಲು ಸಿದ್ಧವಾಗುತ್ತವೆ. ಮಾರ್ಬ್ಲಿಂಗ್‌ನಲ್ಲಿ ಆಂಗಸ್ ಮುಂದು. ಹೆರೆಫೋರ್ಡ್ ಹುಲ್ಲುಗಾವಲಿನ ಒರಟು ಮೇವಿನಲ್ಲೇ ಚೆನ್ನಾಗಿ ತುಂಬಿಕೊಳ್ಳುತ್ತದೆ. ಮೃದುತ್ವದ ಅಳತೆಯಲ್ಲಿ ಇವುಗಳ ನಡುವಿನ ಅಂತರ ಸಣ್ಣದು, ಅದಕ್ಕಾಗಿ ಹೆಚ್ಚು ಹಣ ಕೊಡಬೇಕೆಂದು ನನಗೆ ಅನಿಸುವುದಿಲ್ಲ.

ಆಂಗಸ್ ಎಂಬ ಹೆಸರಿನ ಬಗ್ಗೆ ಒಂದು ಎಚ್ಚರಿಕೆ ಬೇಕು. ಅಮೆರಿಕದಲ್ಲಿ 1978ರಲ್ಲಿ ಶುರುವಾದ ಸರ್ಟಿಫೈಡ್ ಆಂಗಸ್ ಬೀಫ್ ಎಂಬ ಗುರುತಿಗೆ ವಂಶಾವಳಿಯ ಪುರಾವೆ ಬೇಕಿಲ್ಲ. ದನದ ಮೈಬಣ್ಣ ಬಹುಪಾಲು ಕಪ್ಪಾಗಿದ್ದು, ಮಾಂಸವು ಮಾರ್ಬ್ಲಿಂಗ್, ವಯಸ್ಸು, ಕೊಬ್ಬಿನ ದಪ್ಪ ಮೊದಲಾದ ಹತ್ತು ಪರೀಕ್ಷೆಗಳನ್ನು ದಾಟಿದರೆ ಸಾಕು. ಆ ಹತ್ತರಲ್ಲಿ ಒಂದು, ಕುತ್ತಿಗೆಯ ಹಿಂದಿನ ಹಿಣಿಲು ಎರಡು ಇಂಚು ಮೀರಬಾರದು ಎನ್ನುವುದು. ಹಿಣಿಲು ಎತ್ತರವಾಗಿದ್ದರೆ ಅದರಲ್ಲಿ ಭಾರತ ಮೂಲದ ದನಗಳ ರಕ್ತ ಹೆಚ್ಚು ಎಂಬುದು ಇದರ ಹಿಂದಿನ ತರ್ಕ. ಈ ಗುರುತಿನ ಮಾಂಸ ಸಾಮಾನ್ಯವಾಗಿ ಚೆನ್ನಾಗಿರುವುದಕ್ಕೆ ಕಾರಣ ಕಪ್ಪು ಚರ್ಮಕ್ಕಿಂತ ಹೆಚ್ಚಾಗಿ ಆ ಪರೀಕ್ಷೆಗಳು. ಬೇರೆ ಯಾವ ಗುರುತೂ ಇಲ್ಲದೆ ಬರೀ ಆಂಗಸ್ ಎಂದು ಬರೆದ ಮಾಂಸಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಮೇಲಿಂದ ಕೆಳಕ್ಕೆ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂಬ ಅಮೆರಿಕದ ಸರ್ಕಾರಿ ದರ್ಜೆಯನ್ನು ನೋಡಿ ಕೊಳ್ಳುವುದೇ ಲೇಸು.

ವಾಗ್ಯು

ವಾಗ್ಯು ಎಂಬ ಹೆಸರಿನಡಿ ಜಪಾನಿನ ನಾಲ್ಕು ತಳಿಗಳಿದ್ದರೂ, ಹೆಸರು ಮಾಡಿರುವುದು ಕಪ್ಪು ತಳಿ. ಹ್ಯೋಗೊ ಪ್ರಾಂತ್ಯದ ತಾಜಿಮಾ ವಂಶ ಅದರಲ್ಲಿ ಮೊದಲನೆಯ ಸಾಲಿನದು. ಕೋಬೆ ಎಂಬ ಹೆಸರು ಅಲ್ಲೇ ಹುಟ್ಟಿ ಬೆಳೆದ ತಾಜಿಮಾ ದನಕ್ಕೆ, ಅದರಲ್ಲೂ 1ರಿಂದ 12ರವರೆಗಿನ ಮಾರ್ಬ್ಲಿಂಗ್ ಅಂಕದಲ್ಲಿ 6 ಅಥವಾ ಹೆಚ್ಚು ಪಡೆದದ್ದಕ್ಕೆ ಮಾತ್ರ ಸಲ್ಲುತ್ತದೆ. 1939ರಲ್ಲಿ ಹುಟ್ಟಿದ ತಾಜಿರಿ ಎಂಬ ಒಂದೇ ಗೂಳಿಯ ರಕ್ತ ಇಂದಿನ ಕಪ್ಪು ತಳಿಯ ಹೆಚ್ಚುಕಡಿಮೆ ಎಲ್ಲ ಹಸುಗಳಲ್ಲೂ ಹರಿಯುತ್ತಿದೆ ಎಂದರೆ, ಆಯ್ಕೆ ಎಷ್ಟು ಕಟ್ಟುನಿಟ್ಟಾಗಿತ್ತು, ಅದರಿಂದ ವಂಶದ ಹರವು ಎಷ್ಟು ಕಿರಿದಾಯಿತು ಎಂಬುದು ತಿಳಿಯುತ್ತದೆ.

ಈ ದನದ ಕೊಬ್ಬಿನಲ್ಲಿ ಆಲಿವ್ ಎಣ್ಣೆಯಲ್ಲೂ ಹೇರಳವಾಗಿರುವ ಓಲಿಯಿಕ್ ಆಮ್ಲದ ಪ್ರಮಾಣ ಹೆಚ್ಚು. ಅದರಿಂದ ಕೊಬ್ಬು ಕಡಿಮೆ ಬಿಸಿಗೇ ಕರಗುತ್ತದೆ; ತಣ್ಣಗಿನ ತುಂಡನ್ನು ಬೆರಳಲ್ಲಿ ಸ್ವಲ್ಪ ಹೊತ್ತು ಹಿಡಿದರೂ ಜಿಡ್ಡು ಹತ್ತುತ್ತದೆ. ಕೊಬ್ಬು ಇಷ್ಟು ದಟ್ಟವಾಗಿ ಹರಡಿದಾಗ ಸ್ನಾಯುವಿನ ಎಳೆಗಳ ನಡುವಿನ ನಾರಿನ ಹಂದರವೂ ಸಡಿಲವಾಗುವುದರಿಂದ, ಮಾರ್ಬ್ಲಿಂಗ್ ಮೃದುತ್ವಕ್ಕೆ ದೊಡ್ಡ ಮಟ್ಟದಲ್ಲಿ ನೆರವಾಗುವ ಅಪರೂಪದ ಉದಾಹರಣೆ ಇದು. ಆದರೆ ಎರಡೂವರೆ ವರ್ಷದ ಆಸುಪಾಸಿನವರೆಗೆ ಧಾನ್ಯ ತಿನ್ನಿಸಿ ಬೆಳೆಸದಿದ್ದರೆ ಈ ವಂಶದ ಗುಣ ಪೂರ್ತಿಯಾಗಿ ಹೊರಬರುವುದಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ವಾಗ್ಯು ಎಂದು ಮಾರುವ ಮಾಂಸದಲ್ಲಿ ದೊಡ್ಡ ಪಾಲು ವಾಗ್ಯು ಗೂಳಿಗೂ ಆಂಗಸ್ ಹಸುವಿಗೂ ಹುಟ್ಟಿದ ಮಿಶ್ರತಳಿಯದು. ಅದು ಕಳಪೆಯಲ್ಲ, ಸ್ಟೀಕ್ ತಿನ್ನುವವರಿಗೆ ಶುದ್ಧ ಜಪಾನಿ ಮಾಂಸಕ್ಕಿಂತ ಹಿತವಾಗಿಯೂ ಇರಬಹುದು. ಆದರೆ ಬೆಲೆ ಕೊಡುವ ಮುನ್ನ ಮಾರ್ಬ್ಲಿಂಗ್ ಅಂಕ ಎಷ್ಟೆಂದು ಕೇಳಲೇಬೇಕು. ನಮ್ಮ ಮಸಾಲೆಯ ಸಾರಿಗೆ ಈ ಮಾಂಸ ಹಾಕುವುದು ಮಾತ್ರ ಹಣಕ್ಕೂ ಮಾಂಸಕ್ಕೂ ಅನ್ಯಾಯ: ಕೊಬ್ಬೆಲ್ಲ ಕರಗಿ ಮೇಲೆ ತೇಲುತ್ತದೆ, ಅದರ ನವಿರಾದ ರುಚಿ ಧನಿಯಾ ಮೆಣಸಿನ ಅಡಿಯಲ್ಲಿ ಕಾಣದಾಗುತ್ತದೆ.

ಪೀಡ್ಮಾಂಟೀಸ್ ಮತ್ತು ಬೆಲ್ಜಿಯನ್ ಬ್ಲೂ

ಕೊಬ್ಬು ಬೇಡ, ಮೃದುತ್ವ ಬೇಕು ಎನ್ನುವವರಿಗೆ ಇಟಲಿಯ ಪೀಡ್ಮಾಂಟೀಸ್ ತಳಿ ಗೊತ್ತಿರಬೇಕು. ಸ್ನಾಯು ಇಷ್ಟಕ್ಕೇ ಬೆಳೆಯಲಿ ಎಂದು ತಡೆಯುವ ಮಯೋಸ್ಟಾಟಿನ್ ಎಂಬ ವಂಶವಾಹಿ ಈ ತಳಿಯಲ್ಲೂ ಬೆಲ್ಜಿಯನ್ ಬ್ಲೂ ತಳಿಯಲ್ಲೂ ಕೆಟ್ಟುಹೋಗಿದೆ ಎಂಬುದು 1997ರಲ್ಲಿ ಪತ್ತೆಯಾಯಿತು. ಹಾಗಾಗಿ ತೊಡೆ, ಭುಜಗಳಲ್ಲಿ ಸ್ನಾಯು ಇಮ್ಮಡಿಯಾಗಿ ಉಬ್ಬಿಕೊಂಡಿರುತ್ತದೆ, ಕೊಬ್ಬು ತೀರಾ ಕಡಿಮೆ, ಕೊಲಾಜೆನ್ ನಾರೂ ಕಡಿಮೆ. ಮಾರ್ಬ್ಲಿಂಗ್ ಇಲ್ಲದೆಯೂ ಮಾಂಸ ಮೃದುವಾಗಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಬೇಯಿಸುವಾಗ ಉರಿ ಹೆಚ್ಚಾದರೆ ಈ ಮಾಂಸ ಬೇಗ ಒಣಗುತ್ತದೆ. ಬೆಲ್ಜಿಯನ್ ಬ್ಲೂ ಹಸುಗಳಲ್ಲಿ ಬಹುಪಾಲು ಹೆರಿಗೆಗಳು ಹೊಟ್ಟೆ ಕೊಯ್ದೇ ಆಗಬೇಕಿರುವುದರಿಂದ, ಪ್ರಾಣಿಯ ಸಂಕಟಕ್ಕೆ ಮನಸ್ಸು ಕೊಡುವವರು ಆ ತಳಿಯನ್ನು ಬಿಟ್ಟು ಪೀಡ್ಮಾಂಟೀಸ್ ಅಥವಾ ಫ್ರಾನ್ಸಿನ ಲಿಮೋಸಿನ್ ಆರಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಹಿಣಿಲಿನ ದನಗಳು: ಬ್ರಾಹ್ಮನ್ ಮತ್ತು ನೆಲೋರೆ

ಈ ಭಾಗದಲ್ಲಿ ನಮ್ಮ ನೆಲದ ಕಥೆಯೂ ಬರುತ್ತದೆ. ಅಮೆರಿಕದ ಬ್ರಾಹ್ಮನ್ ತಳಿ ಹುಟ್ಟಿದ್ದು ಭಾರತದಿಂದ ಹೋದ ಗುಜರಾತಿನ ಕಾಂಕ್ರೇಜ್ ಮತ್ತು ಗಿರ್, ಆಂಧ್ರದ ಒಂಗೋಲ್, ಸ್ವಲ್ಪ ಮಟ್ಟಿಗೆ ನಮ್ಮ ಕೃಷ್ಣಾ ತೀರದ ಕೃಷ್ಣಾವ್ಯಾಲಿ ದನಗಳ ಬೆರಕೆಯಿಂದ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯ ಎರೆಭೂಮಿಯಲ್ಲಿ ಭಾರದ ನೇಗಿಲು ಎಳೆಯಲೆಂದು ರೂಪುಗೊಂಡ ಕೃಷ್ಣಾವ್ಯಾಲಿ ಇಂದು ತನ್ನ ತವರಿನಲ್ಲೇ ಅಪರೂಪವಾಗಿರುವಾಗ, ಅದರ ರಕ್ತದ ಪಾಲು ಟೆಕ್ಸಾಸ್‌ನ ಬಯಲಿನಲ್ಲೂ ಕ್ವೀನ್ಸ್‌ಲೆಂಡಿನಲ್ಲೂ ಉಳಿದಿದೆ. ಅಮೆರಿಕದ ಬ್ರಾಹ್ಮನ್ ತಳಿಗಾರರ ಸಂಘ ಸ್ಥಾಪನೆಯಾದದ್ದು 1924ರಲ್ಲಿ. ಬ್ರೆಜಿಲ್‌ಗೆ ಹೋದ ಒಂಗೋಲ್ ಅಲ್ಲಿ ನೆಲೋರೆ ಆಯಿತು. ಆ ದೇಶದ ಮಾಂಸದ ದನಗಳಲ್ಲಿ ಇಂದು ಬಹುಪಾಲು ಅದರ ಸಂತತಿಯೇ. ಕೊಲ್ಲಿ ದೇಶಗಳ ಅಂಗಡಿಯಲ್ಲಿ ಬ್ರೆಜಿಲ್ ಎಂದು ಬರೆದ ಮಾಂಸ ಹೆಚ್ಚಿನಂಶ ಒಂಗೋಲಿನ ಮೊಮ್ಮಕ್ಕಳದ್ದು.

ಈ ದನಗಳನ್ನು ಆ ದೇಶಗಳು ಕರೆಸಿಕೊಂಡದ್ದು ಬಿಸಿಲು ಮತ್ತು ರಕ್ತ ಹೀರುವ ಉಣ್ಣಿಗಳನ್ನು ತಾಳಿಕೊಳ್ಳುವ ಶಕ್ತಿಗಾಗಿ. ಮಾಂಸದ ಮೃದುತ್ವ ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ. ಅಳತೆಗಳು ಹೇಳುವುದನ್ನು ಮುಚ್ಚಿಡಬೇಕಿಲ್ಲ: ಇವುಗಳ ಸ್ನಾಯುವಿನಲ್ಲಿ ಕ್ಯಾಲ್ಪಾಸ್ಟಾಟಿನ್ ಹೆಚ್ಚು ಚುರುಕಾಗಿರುವುದರಿಂದ ಮಾಂಸ ನಿಧಾನವಾಗಿ ಮಾಗುತ್ತದೆ, ಮಾರ್ಬ್ಲಿಂಗ್ ಕಡಿಮೆ ಇರುತ್ತದೆ, ಒಂದು ತುಂಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಹೆಚ್ಚು. ಬ್ರಾಹ್ಮನ್ ರಕ್ತದ ಪಾಲು ಏರಿದಂತೆ ಮೃದುತ್ವ ಇಳಿಯುತ್ತಾ ಹೋಗುತ್ತದೆ. ಕಾಲು ಭಾಗದವರೆಗೆ ಇಳಿತ ಅಷ್ಟಾಗಿ ಗೊತ್ತಾಗದು, ಅರ್ಧಕ್ಕೆ ಬಂದಾಗ ತಿನ್ನುವವರಿಗೇ ತಿಳಿಯುತ್ತದೆ.

ಇದನ್ನು ನೇಗಿಲು ಎಳೆದ ದನದ ಹಣೆಬರಹ ಎನ್ನುವವರಿದ್ದಾರೆ. ಆ ವಿವರಣೆ ನಿಲ್ಲುವುದಿಲ್ಲ, ಏಕೆಂದರೆ ಜಪಾನಿನ ತಾಜಿಮಾ ದನವೂ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಭತ್ತದ ಗದ್ದೆ ಉಳುತ್ತಿದ್ದ ದನವೇ. ಅಲ್ಲಿ ಆದದ್ದು ಮಾರ್ಬ್ಲಿಂಗ್‌ಗಾಗಿ ತಲೆಮಾರುಗಳುದ್ದಕ್ಕೂ ನಡೆದ ಆಯ್ಕೆ, ಇಲ್ಲಿ ಆಗದೆ ಉಳಿದದ್ದು ಮೃದುತ್ವಕ್ಕಾಗಿ ಆಯ್ಕೆ. ಮಾರ್ಬ್ಲಿಂಗ್ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬೆಲೆಯೂ ಸಿಗುತ್ತದೆ, ಹಾಗಾಗಿ ತಳಿಗಾರರು ಅದರ ಬೆನ್ನು ಹತ್ತಿದರು. ಮೃದುತ್ವವನ್ನು ಬೇಯಿಸಿ ಕತ್ತರಿಸಿ ನೋಡದೆ ತಿಳಿಯಲಾಗದ ಕಾರಣ ಅದು ಹಿಂದೆ ಬಿತ್ತು. ಮೃದುತ್ವದಲ್ಲಿ ಕಾಣುವ ಏರುಪೇರಿನಲ್ಲಿ ಶೇ. 30ರ ಆಸುಪಾಸು ವಂಶದಿಂದ ಬರುವಂಥದ್ದು ಎಂದು ಅಧ್ಯಯನಗಳು ಅಂದಾಜಿಸುತ್ತವೆ. ಆಯ್ಕೆ ನಡೆಸಿದರೆ ಫಲ ಸಿಗಲು ಅಷ್ಟು ಸಾಕು. ಕ್ಯಾಲ್ಪೇನ್, ಕ್ಯಾಲ್ಪಾಸ್ಟಾಟಿನ್ ವಂಶವಾಹಿಗಳ ಪರೀಕ್ಷೆ ಈಗ ತಳಿಗಾರರ ಕೈಗೆಟಕಿದೆ, ಬ್ರಾಹ್ಮನ್ ಗೂಳಿಗಳ ಸಂತತಿಯ ಮಾಂಸ ಎಷ್ಟು ಮೃದುವಾಗಿರಬಹುದೆಂಬ ಅಂದಾಜನ್ನೂ ಅವರ ಸಂಘ ಪ್ರಕಟಿಸುತ್ತಿದೆ. ಒಂದು ತಳಿಗೂ ಇನ್ನೊಂದಕ್ಕೂ ಇರುವಷ್ಟೇ ಅಂತರ ಒಂದೇ ತಳಿಯ ಎರಡು ದನಗಳ ನಡುವೆಯೂ ಇರುವುದರಿಂದ, ಒಳ್ಳೆಯ ಬ್ರಾಹ್ಮನ್ ಗೂಳಿಯ ಕರು ಸಾಧಾರಣ ಆಂಗಸ್ ಗೂಳಿಯ ಕರುವನ್ನು ಹಿಂದಿಕ್ಕುವುದು ಅಚ್ಚರಿಯೇನಲ್ಲ.

ದನದ ಸ್ವಭಾವವನ್ನೂ ಇಲ್ಲೇ ಹೇಳಬೇಕು. ಬೆದರುವ ದನ ಕಟುಕಖಾನೆಗೆ ಬರುವ ಹೊತ್ತಿಗೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಸುಟ್ಟುಕೊಂಡಿರುತ್ತದೆ. ಆಗ ಮಾಂಸ ಸಾಕಷ್ಟು ಹುಳಿಯಾಗದೆ ಕಪ್ಪಗೆ, ಅಂಟಂಟಾಗಿ ಉಳಿಯುತ್ತದೆ. ಬೆದರುವ ಗುಣವೂ ವಂಶದಲ್ಲಿ ಹರಿಯುವಂಥದ್ದು, ಮತ್ತು ಹಿಣಿಲಿನ ದನಗಳಲ್ಲಿ ಅದು ಹೆಚ್ಚು. ಶಾಂತ ಸ್ವಭಾವದ ದನಗಳನ್ನೇ ಆರಿಸಿ ಬೆಳೆಸುವ ಹಿಂಡಿನಲ್ಲಿ ಈ ತೊಂದರೆ ಕಡಿಮೆಯಾಗುತ್ತದೆ.

ಬ್ರೆಜಿಲ್‌ನವರು ಹಿಣಿಲನ್ನೇ ಕುಪಿಂ ಎಂದು ಕರೆದು ವಿಶೇಷ ತುಂಡಾಗಿ ತಿನ್ನುತ್ತಾರೆ. ಕೊಯ್ದರೆ ಒಳಗೆ ಬಿಳಿ ಕೊಬ್ಬಿನ ಎಳೆಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ, ನಾರೂ ಅಷ್ಟೇ ಇರುತ್ತದೆ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ ಮೇಲೆ ನಾರು ಕರಗಿ ಅಂಟಿನಂಥ ರಸವಾಗುತ್ತದೆ, ಮಾಂಸ ತಾನಾಗಿ ಬಿಡಿಸಿಕೊಳ್ಳುತ್ತದೆ. ಯೂರೋಪಿನ ಯಾವ ತಳಿಯಲ್ಲೂ ಈ ತುಂಡು ಸಿಗುವುದಿಲ್ಲ.

ಬೆರಕೆ ತಳಿಗಳು, ಎಮ್ಮೆಯ ಮಾಂಸ

ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್, ಐದು ಪಾಲು ಆಂಗಸ್ ಬೆರೆತದ್ದು ಬ್ರಾಂಗಸ್. ಅದೇ ಪಾಲಿನಲ್ಲಿ ಬ್ರಾಹ್ಮನ್ ಮತ್ತು ಶಾರ್ಟ್‌ಹಾರ್ನ್ ಬೆರೆತದ್ದು ಟೆಕ್ಸಾಸ್‌ನ ಕಿಂಗ್ ರ‍್ಯಾಂಚ್‌ನಲ್ಲಿ ರೂಪುಗೊಂಡು 1940ರಲ್ಲಿ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದ ಸಾಂಟಾ ಗರ್ಟ್ರೂಡಿಸ್. ಬಿಸಿಲಿನ ನಾಡಿನಲ್ಲಿ ಸಾಧಾರಣ ಬೆಲೆಗೆ ಒಳ್ಳೆಯ ಮಾಂಸ ಬೇಕೆಂದರೆ ಇವು ನ್ಯಾಯವಾದ ಆಯ್ಕೆ. ಕೊಲ್ಲಿ ದೇಶಗಳಲ್ಲಿ ಭಾರತದ ಬೀಫ್ ಎಂದು ಮಾರುವುದು ಎಮ್ಮೆ ಕೋಣಗಳ ಮಾಂಸ. ಭಾರತದಿಂದ ರಫ್ತಿಗೆ ಅನುಮತಿ ಇರುವುದು ಅದಕ್ಕೆ ಮಾತ್ರ. ಬಣ್ಣ ಗಾಢ, ಕೊಬ್ಬು ಕಡಿಮೆ ಮತ್ತು ಅಚ್ಚ ಬಿಳಿ. ಸುಕ್ಕ, ಸಾರುಗಳಿಗೆ ಒಗ್ಗುತ್ತದೆ, ಸ್ಟೀಕ್‌ಗೆ ಒಗ್ಗುವುದು ಅಪರೂಪ.

ಆರಿಸುವ ಬಗೆ

ತಳಿಗಿಂತ ಮೊದಲು ನೋಡಬೇಕಾದದ್ದು ತುಂಡು. ಒಂದೇ ದನದ ಬೆನ್ನಿನ ಒಳಬದಿಯ ಟೆಂಡರ್‌ಲಾಯಿನ್‌ಗೂ ಕಾಲಿನ ಶ್ಯಾಂಕ್‌ಗೂ ಮೃದುತ್ವದಲ್ಲಿರುವ ಅಂತರ, ಆಂಗಸ್‌ಗೂ ಬ್ರಾಹ್ಮನ್‌ಗೂ ಇರುವ ಅಂತರಕ್ಕಿಂತ ಬಹಳ ದೊಡ್ಡದು. 1990ರ ದಶಕದಲ್ಲಿ ರೂಪುಗೊಂಡ ಮೀಟ್ ಸ್ಟಾಂಡರ್ಡ್ಸ್ ಆಸ್ಟ್ರೇಲಿಯಾ ಎಂಬ ವ್ಯವಸ್ಥೆ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಈ ಕಾರಣಕ್ಕೆ. ಅದು ತಳಿಯ ಹೆಸರನ್ನು ಕೇಳುವುದಿಲ್ಲ. ಹಿಣಿಲಿನ ಎತ್ತರವನ್ನು ಮಿಲಿಮೀಟರ್‌ಗಳಲ್ಲಿ ಅಳೆಯುತ್ತದೆ, ಮಾಂಸದ ಹುಳಿಯ ಮಟ್ಟ, ಮಾರ್ಬ್ಲಿಂಗ್, ಎಲುಬಿನ ಬಲಿತನ, ತೂಗುಹಾಕಿದ ಬಗೆ, ಮಾಗಿಸಿದ ದಿನಗಳನ್ನೆಲ್ಲ ಕೂಡಿಸಿ, ಪ್ರತಿ ತುಂಡಿಗೂ ಪ್ರತಿ ಅಡುಗೆಯ ವಿಧಾನಕ್ಕೂ ಬೇರೆ ಬೇರೆ ದರ್ಜೆ ಕೊಡುತ್ತದೆ. ಹಿಣಿಲಿನ ಎತ್ತರದ ಪರಿಣಾಮ ಎಲ್ಲ ತುಂಡುಗಳ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ ಎಂಬುದೂ ಆ ಲೆಕ್ಕದಲ್ಲಿ ಸೇರಿದೆ: ಬೆನ್ನಿನ ತುಂಡುಗಳಲ್ಲಿ ಅದು ಜೋರು, ಭುಜ ಕಾಲುಗಳಲ್ಲಿ ಕಡಿಮೆ.

ಆದ್ದರಿಂದ ಹಂಚಿನ ಮೇಲೆ ಅಥವಾ ಕೆಂಡದ ಮೇಲೆ ಬೇಗ ಬೇಯಿಸಿ ತಿನ್ನುವ ಬೆನ್ನಿನ ತುಂಡುಗಳಾದ ರಿಬ್ ಐ, ಸ್ಟ್ರಿಪ್ ಲಾಯಿನ್‌ಗಳಿಗೆ ಮಾತ್ರ ತಳಿಗೆಂದು ಹೆಚ್ಚು ಹಣ ಕೊಡಿ. ಅಲ್ಲಿ ಆಂಗಸ್, ಹೆರೆಫೋರ್ಡ್ ಅಥವಾ ವಾಗ್ಯು ಬೆರಕೆ ಆರಿಸುವುದಕ್ಕೆ ಅರ್ಥವಿದೆ. ಕಬಾಬ್‌ಗೆ ಕೊಬ್ಬು ಬೇಡವಾದರೆ ಪೀಡ್ಮಾಂಟೀಸ್ ಅಥವಾ ಲಿಮೋಸಿನ್. ಬ್ರೆಜಿಲ್ ಅಥವಾ ಉತ್ತರ ಆಸ್ಟ್ರೇಲಿಯಾದ ಸ್ಟೀಕ್ ಕೊಳ್ಳುವುದಾದರೆ ಎಷ್ಟು ದಿನ ಮಾಗಿಸಿದ್ದೆಂದು ಕೇಳಿ. ಎರಡರಿಂದ ಮೂರು ವಾರ ಗಾಳಿಯಾಡದ ಪೊಟ್ಟಣದಲ್ಲಿ ತಣ್ಣಗೆ ಮಾಗಿದ್ದರೆ ಯೂರೋಪಿನ ತಳಿಗಳೊಂದಿಗಿನ ಅಂತರ ಪೂರ್ತಿ ಹೋಗದಿದ್ದರೂ ಸಾಕಷ್ಟು ತಗ್ಗಿರುತ್ತದೆ. ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ದಿನಾಂಕ ಇದ್ದರೆ ಆ ಲೆಕ್ಕವನ್ನು ನೀವೇ ಅಂದಾಜು ಮಾಡಬಹುದು. ಕಡಿದ ಮರುದಿನದ ತಾಜಾ ಮಾಂಸವೇ ಒಳ್ಳೆಯದೆಂಬ ನಮ್ಮ ಕಡೆಯ ನಂಬಿಕೆ ಕೋಳಿಗೆ ಸರಿ, ದನದ ಮಾಂಸದ ಸ್ಟೀಕ್‌ಗೆ ಸಲ್ಲದು.

ಸುಕ್ಕ, ಸಾರು, ಬಿರಿಯಾನಿಗಳಿಗೆ ಇದಾವುದೂ ಬೇಕಿಲ್ಲ. ಅಲ್ಲಿ ಬೇಕಿರುವುದು ಕೊಲಾಜೆನ್ ತುಂಬಿದ ಭುಜದ ಚಕ್, ಕಾಲಿನ ಶ್ಯಾಂಕ್, ಎದೆಯ ಬ್ರಿಸ್ಕೆಟ್. ನಿಧಾನವಾಗಿ ಬೆಂದು ಸಾರಿಗೆ ಮೈ ಕೊಡುವುದು ಆ ನಾರೇ. ಈ ತುಂಡುಗಳಲ್ಲಿ ನೆಲೋರೆಯ ಮಾಂಸಕ್ಕೂ ಆಂಗಸ್‌ನದಕ್ಕೂ ಊಟದ ತಟ್ಟೆಯಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಅಗ್ಗದ್ದನ್ನೇ ಕೊಂಡು, ಕುಕ್ಕರಿನ ಸೀಟಿಯ ಅವಸರ ಬಿಟ್ಟು, ಮುಚ್ಚಿದ ಪಾತ್ರೆಯಲ್ಲಿ ಎರಡೂವರೆ ಮೂರು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ.